ಪರದೆ ಹಿಂದಿನ ಬಹುಮಾನ

ಟೀವಿಯಲ್ಲಿ ಬಹುಮಾನದ ಆಟಗಳು ಹೊಸದಾಗಿ ಬಂದಿದ್ದ ಕಾಲದ ಮಾತು. ಚೌಡವ್ವ ಅಂತ ಒಬ್ಬಳಿದ್ದಳು, ಅವಳಿಗೆ ಚಿಕ್ಕೀರ ಅಂತ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು; ಅದೇ ಅವಳ ಗೋಳು. ಇಡ್ಲಿ ಮಾರಿ ಅವನನ್ನು ಸಾಕುತ್ತಿದ್ದಳು. ರುಬ್ಬಿ ರುಬ್ಬಿ ಬಲಗೈ ಮೇಲೇಳುತ್ತಿರಲಿಲ್ಲ. ಇನ್ನೂ ರುಬ್ಬಿದರೆ ಕೈಯೇ ಹೋಗುತ್ತೆ ಅಂದಿದ್ದರು ಡಾಕ್ಟರು.

ಹೀಗಿರುವಾಗ ಟೀವಿಯವರು ಊರಿನ ಟೌನ್‌ಹಾಲಿಗೇ ಬಂದರು. ಗೆದ್ದವರಿಗೆ ಗ್ರೈಂಡರ್. ಆಡುವವರನ್ನು ಚೀಟಿ ಎತ್ತಿ ಆರಿಸಿದರು, ಒಬ್ಬರು ಮೇಷ್ಟರ ಜೊತೆ ಬಂದದ್ದು ಚಿಕ್ಕೀರನ ಹೆಸರು. ಬುದ್ಧಿ ಪರೀಕ್ಷೆಗೆ ಲಾಟರಿ ಎತ್ತುವುದು ಎಂಥ ಪದ್ಧತಿಯೋ, ನನಗಂತೂ ಇವತ್ತಿಗೂ ತಿಳಿದಿಲ್ಲ.

"ಮೊದಲು ಗಂಟೆ ಒತ್ತಿದವರಿಗೇ ಅವಕಾಶ," ಅಂದ ಆಟ ನಡೆಸುವ ಕೋಟಿನವನು. ಚಿಕ್ಕೀರ ಒತ್ತಿದ.

"ನಾನಿನ್ನೂ ಪ್ರಶ್ನೆ ಕೇಳಿಲ್ಲವಲ್ಲ."

"ಮೊದ್ಲು ಒತ್ಬೇಕು ಅಂದ್ರಲ್ಲ ಸಾ."

ಅಂಕ ಕಳೆದರು. ಅಂಕ ಬುದ್ಧಿಗೋ ಬೆರಳಿಗೋ, ಕೇಳುವವರಿಲ್ಲ. ಮುಂದಿನ ಸಾಲಿನಲ್ಲೇ ಕೂತಿದ್ದ ಚೌಡವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ದಡ್ಡ ಮುಂಡೇದೆ, ಅವ್ರು ಕೇಳಿ ಮುಗಿಸೋಗಂಟ ಸುಮ್ಕಿರ್ಬೇಕು ಕಣ್ಲಾ."

"ಆಗ್ಲಿ ಕಣವ್ವ."

ಎರಡನೇ ಸುತ್ತಿನಲ್ಲಿ ಗಂಟೆ ಇಲ್ಲ, ಒಬ್ಬೊಬ್ಬರಿಗೇ ಸರದಿ. "ರಾಗಿಮುದ್ದೆ ಮಾಡೋದು ಯಾವುದರಿಂದ? ಅಕ್ಕಿಯಿಂದಲೋ, ಗೋಧಿಯಿಂದಲೋ, ರಾಗಿಯಿಂದಲೋ?" ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳುವುದು ಆ ಆಟದ ಇನ್ನೊಂದು ಚಂದ. ಚಿಕ್ಕೀರ ಸುಮ್ಮನಿದ್ದ.

"ಗೊತ್ತಿಲ್ವಾ? ಯೋಚಿಸ್ತಿದ್ದೀರಾ? ಹೊತ್ತಾಯ್ತು, ಹೇಳ್ತೀರಾ?"

ಹೊತ್ತು ಮುಗಿದ ಗಂಟೆ ಹೊಡೆಯಿತು.

"ಯಾಕ್ಲಾ ಬಾಯಿ ಬಿಡ್ಲಿಲ್ಲ?"

"ಅವ್ರು ಕೇಳಿ ಮುಗಿಸ್ಲೇ ಇಲ್ವಲ್ಲವ್ವ."

ಚೌಡವ್ವನಿಗೆ ಅಳು ಬಂತು. "ಕೇಳ್ತಿದ್ದಂಗೆ ಹೇಳ್ಬಿಡು. ಹೇಳಿದ್ ಮಾತ ಮಾತ್ರ ಬದಲಾಯಿಸ್ಬೇಡ."

"ಆಗ್ಲಿ ಕಣವ್ವ."

ಕಡೇ ಪ್ರಶ್ನೆ ಯಾರಿಗೆ ಅನ್ನುವುದಕ್ಕೂ ಚೀಟಿ ಎತ್ತಿದರು, ಮತ್ತೆ ಚಿಕ್ಕೀರನೇ. ಅದನ್ನು ಕೇಳುವ ಮುಂಚೆ ಕೋಟಿನವನು ಸುಮ್ಮನೆ ವಿಚಾರಿಸಿದ, "ನಿಮಗಿಷ್ಟವಾದ ಹಣ್ಣು?"

"ಹಲಸು."

"ಮರದಲ್ಲಿ ಬಿಡುವ ಹಣ್ಣುಗಳಲ್ಲೆಲ್ಲ ದೊಡ್ಡದು ಯಾವುದು?"

"ಹಲಸು."

"ಖಚಿತವಾ? ಬದಲಾಯಿಸ್ತೀರಾ?"

"ಹಲಸು."

"ಅಮ್ಮನ ಹೆಸರೇನಪ್ಪಾ?"

"ಹಲಸು."

ಗೆದ್ದುಬಿಟ್ಟ. ಕಡೇ ಪ್ರಶ್ನೆ ಗೆದ್ದವನೇ ಗೆದ್ದವನು, ಹಿಂದಿನ ಸುತ್ತುಗಳು ಲೆಕ್ಕಕ್ಕಿಲ್ಲವಂತೆ. ಅಲ್ಲಿಯವರೆಗೆ ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿದ್ದ ಆ ಮೇಷ್ಟರು ಬೆಪ್ಪಾಗಿ ಕೂತರು. ಸಭೆಯಲ್ಲಿ ಕೂತಿದ್ದ ನನಗೇ ಅವರನ್ನು ನೋಡಿ ಅಯ್ಯೋ ಅನ್ನಿಸಿತು.

ಚೌಡವ್ವ ಮಗನ ಕಿವಿಯಲ್ಲಿ ಹೇಳಿದಳು, "ಇನ್ನು ಪರದೆ ತೋರಿಸಿ, ಹಿಂದೆ ಇನ್ನೂ ದೊಡ್ಡ ಬಹುಮಾನ ಐತೆ ಅಂತ ಆಸೆ ಹುಟ್ಟಿಸ್ತಾರೆ, ಟೀವೀಲಿ ನೋಡಿವ್ನಿ. ಪರದೆ ಹಿಂದೆ ಏನಾದ್ರೂ ಇರ್ಲಿ, ಬೇಡ ಅನ್ನು. ಗ್ರೈಂಡರ್ ಬಿಡ್ಬೇಡ."

"ಆಗ್ಲಿ ಕಣವ್ವ."

ಅಷ್ಟರಲ್ಲಿ ಟೀವಿಯವರು, ಒಂದು ತಮಾಷೆ ಇದೆ ಬನ್ನಿ ಅಂತ ಅವಳನ್ನು ಕರೆದುಕೊಂಡು ಹೋದರು.

"ಗ್ರೈಂಡರ್ ಬೇಕಾ, ಪರದೆ ಹಿಂದಿರೋದು ಬೇಕಾ? ಬೇಡ ಅಂದದ್ದು ಮತ್ತೆ ನಿಮ್ಮದಲ್ಲ. ಅದು ನಿಯಮ."

"ಪರದೆದು ಬೇಡ ಸಾ."

ಪರದೆ ಸರಿಯಿತು. ಹಿಂದೆ ಚೌಡವ್ವ ನಿಂತಿದ್ದಳು. ಸಭೆ ಬಿದ್ದು ಬಿದ್ದು ನಕ್ಕಿತು. ಚಿಕ್ಕೀರ ನಗಲಿಲ್ಲ. ಗ್ರೈಂಡರನ್ನು ಹೆಗಲ ಮೇಲೆ ಹೊತ್ತು, ಅಳುತ್ತಾ ಒಬ್ಬನೇ ಮನೆಗೆ ಹೋದ.

ಮಗನನ್ನು ಹುಡುಕಿ ಹುಡುಕಿ ಚೌಡವ್ವ ಮನೆಗೆ ಬಂದರೆ ಬಾಗಿಲಿಗೆ ಚಿಲಕ.

"ತಗಿಯೋ ಚಿಕ್ಕೀರ."

"ತಗಿಯೋಂಗಿಲ್ಲ ಕಣವ್ವ. ನಿನ್ನ ಬೇಡ ಅಂದ್ಬಿಟ್ಟೆ. ನೀನೀಗ ಅವ್ರ್ದು." ಒಳಗೆ ಬಿಕ್ಕುವುದು ಕೇಳಿಸುತ್ತಿತ್ತು.

ಬೈದಳು, ಬೇಡಿದಳು, ಬಾಗಿಲು ಬಡಿದಳು. ನಿಯಮ ಅಂದರೆ ನಿಯಮ. ಸೋತು ಸುಣ್ಣವಾಗಿ ಹಿತ್ತಿಲ ಕಡೆಯಿಂದ ನುಗ್ಗೋಣವೆಂದು ಆ ಕಡೆ ಹೋದಳು. ಅಷ್ಟರಲ್ಲಿ ಮುಂಬಾಗಿಲು ತೆಗೆದ ಸದ್ದಾಯಿತು. ಒಳಗೆ ಬಂದು ನೋಡಿದರೆ ಮಗನೂ ಇಲ್ಲ, ಗ್ರೈಂಡರೂ ಇಲ್ಲ.

ಸ್ವಲ್ಪ ಹೊತ್ತಿಗೆ ಚಿಕ್ಕೀರ ಓಡಿ ಬಂದ. ಮೈಯೆಲ್ಲ ಬೆವರು, ಮುಖದ ತುಂಬ ನಗು. ಬಂದವನೇ ಅವಳನ್ನು ತಬ್ಬಿಕೊಂಡ.

"ಗ್ರೈಂಡರ್ ಎಲ್ಲೋ?"

"ಟೀವಿಯೋರ ವ್ಯಾನು ಹೊರಟಿತ್ತು ಕಣವ್ವ, ಹಿಂದೆ ಓಡಿ ಕೊಟ್ಬಿಟ್ಟೆ. ಇದ್ನ ತಗೊಳ್ಳಿ, ನಮ್ಮವ್ವನ್ನ ನಂಗೆ ಕೊಡಿ ಅಂದೆ."

ಚೌಡವ್ವ ಗೋಡೆಗೆ ಒರಗಿ ಕುಸಿದು ಕೂತಳು.

"ಅವ್ರು ಬೇಡ, ನಿಮ್ಮವ್ವ ನಿಂದೇ ಕಣಪ್ಪ, ಎರಡೂ ನೀನೇ ಇಟ್ಕೊ ಅಂದ್ರು. ನಾನು ಬಿಡ್ತೀನಾ? ಬಲವಂತ ಮಾಡಿ ಕೊಟ್ಟು ಬಂದೆ."