ಅರಮನೆಯ ಪುಟ

ಹೊನ್ನಗಿರಿಯ ಆಸ್ಥಾನಕ್ಕೆ ಬುದ್ಧಿ ಹೇಳಿಕೊಟ್ಟವನೇ ನಾನು. ಸುಳ್ಳು, ಬಿಡಿ. ಆಗ ನಮ್ಮ ಮುತ್ತಜ್ಜನೂ ಹುಟ್ಟಿರಲಿಲ್ಲ. ಬುದ್ಧಿ ಇದ್ದದ್ದು ಅಡವೀಶ ಎಂಬ ಆಸ್ಥಾನಿಕನಿಗೆ.

ಅಲ್ಲಿನ ದೊರೆ ರಾಚನಾಯಕ ಮನೆಮನೆಯ ಗುಟ್ಟು ಬರೆಸಿ ಪಟ್ಟಿ ಮಾಡಿಸಿದ್ದ. ಕರಣಿಕ ಸೂರಪ್ಪ ದೊರೆಯ ಅಪ್ಪಣೆಯಂತೆ ಅದರ ನಕಲು ತೆಗೆದು ವ್ಯಾಪಾರಿಗಳಿಗೆ ಮಾರುತ್ತಿದ್ದ. ಬೆಳಗಾದರೆ ಬೋಳುತಲೆಯವರ ಬಾಗಿಲಲ್ಲಿ ಎಣ್ಣೆ ಮಾರುವವರ ಸಾಲು.

ಹೂವಾಡಗಿತ್ತಿ ನಂಜವ್ವ ಅಡವೀಶನ ಮನೆಗೆ ಓಡಿಬಂದಳು. "ಬುದ್ಧೀ, ನನ್ನ ಮಗಳು ಗೊರಕೆ ಹೊಡೀತಾಳೆ ಅಂತ ಪಟ್ಟೀಲಿ ಬರೆದವ್ರೆ. ಮದುವೆ ದಲ್ಲಾಳಿ ನಕಲು ಕೊಂಡ್ರೆ ಕೂಡಿಬಂದ ಸಂಬಂಧ ಮುರೀತದೆ."

"ಮಾರಬೇಡಿ ಅನ್ನು."

"ಅನ್ನಬೌದಂತೆ. ಆದ್ರೆ ತುಂಬಿದ ಸಭೇಲಿ ನಮ್ಮನೆ ಪುಟ ಓದಿಸಿ, ಯಾವ ಸಾಲು ಬೇಡ ಅಂತ ಗಟ್ಟಿಯಾಗಿ ಹೇಳಬೇಕಂತೆ. ಗಂಡಿನ ಅಪ್ಪ ಅಲ್ಲೇ ಕೂತಿರ್ತಾರೆ."

"ನಾಳೆ ಸಭೆಗೆ ಬಾ. ಬಾಯಿ ಮಾತ್ರ ಬಿಡಬೇಡ."

ಮರುದಿನ ಸಭೆಯಲ್ಲಿ ಸೂರಪ್ಪ ಪಟ್ಟಿಯ ಪುಸ್ತಕ ತೆರೆದ. "ಐವತ್ತೇಳನೇ ಮನೆ, ನಂಜವ್ವ..."

"ತಡೀರಿ ಕರಣಿಕರೇ," ಅಡವೀಶ ಎದ್ದ. "ಈ ಊರಲ್ಲಿ ವೀಳ್ಯವಾಗಲಿ ತೀರ್ಥವಾಗಲಿ, ಮೊದಲು ಅರಮನೆಗೆ. ಹೂವಾಡಗಿತ್ತಿಗೆ ಅಗ್ರಪೂಜೆಯೇ?"

ದೊರೆ ಮೀಸೆ ತಿರುವಿದ. "ನ್ಯಾಯ. ಓದು ಸೂರಪ್ಪ."

ಬರೆದದ್ದನ್ನು ಬರೆದ ಹಾಗೇ ಓದುವುದಷ್ಟೇ ಸೂರಪ್ಪನಿಗೆ ಗೊತ್ತು. "ಒಂದನೇ ಮನೆ, ಅರಮನೆ. ಯಜಮಾನರು ರಾಚನಾಯಕರು. ವಯಸ್ಸು ಐವತ್ತಮೂರು, ಹೇಳಿಕೊಳ್ಳುವುದು ನಲವತ್ತು. ಮೀಸೆಗೆ ಕಾಡಿಗೆ. ಗುಡುಗಿದರೆ ಮಂಚದ ಕೆಳಗೆ..."

"ಮುಚ್ಚು ಪುಸ್ತಕ!"

"ಹಾಗಾಗದು ಪ್ರಭು," ಎಂದ ಅಡವೀಶ. "ಯಾವ ಸಾಲು ಬೇಡವೆಂದು ತಾವು ಗಟ್ಟಿಯಾಗಿ ಹೇಳಬೇಕು. ಮಂಚದ್ದೋ, ಅದರ ಮುಂದಿನದ್ದೋ?"

ಸಭೆಯವರು ಶಾಲು ಬಾಯಿಗೆ ತುರುಕಿಕೊಂಡರು.

"ಯಾವುದೂ ಬೇಡ, ಯಾರದ್ದೂ ಬೇಡ," ಎಂದ ದೊರೆ. "ಮನೆಯವರು ಒಪ್ಪಿದರಷ್ಟೇ ಮಾರಾಟ. ಒಪ್ಪದವರು ಕಾರಣ ಹೇಳಬೇಕಿಲ್ಲ. ಅದಿರಲಿ, ಮುಂದಿನ ಸಾಲು ನಿನಗೆ ಹೇಗೆ ಗೊತ್ತು?"

"ನಕಲು ಕೊಂಡಿದ್ದೇನೆ. ಒಂದು ತೆಂಗಿನಕಾಯಿಗೆ."

"ನನ್ನ ಗುಟ್ಟಿಗೆ ಬರೀ ಒಂದೇ ಕಾಯಿಯೇ?"

"ಎರಡು ಹೇಳಿದರು. ಚೌಕಾಸಿ ಮಾಡಿದೆ."

"ನೂರು ವರಹ ಕೊಡುತ್ತೇನೆ, ಅದನ್ನು ನನಗೆ ಮಾರು."

"ಕ್ಷಮಿಸಬೇಕು ಪ್ರಭು. ಆ ಮನೆಯವರು ಈಗಷ್ಟೇ ಮಾರಬೇಡ ಅಂದರು."

ದೊರೆ ಹೊಟ್ಟೆ ಹಿಡಿದು ನಕ್ಕ. ಅಡವೀಶ ನಕಲನ್ನು ಪುಕ್ಕಟೆಯಾಗಿ ಅವನ ಕೈಗಿಟ್ಟ. ದೊರೆ ತನ್ನ ಶಾಲು ತೆಗೆದು ಅವನಿಗೆ ಹೊದಿಸಿದ.

ನಂಜವ್ವನ ಮಗಳ ಮದುವೆ ನಡೆಯಿತು. ಗಂಡನಿಗೆ ನಿದ್ದೆ ಬಂತೋ ಇಲ್ಲವೋ, ಅವರನ್ನು ಕೇಳದೆ ನಾನು ಹೇಳುವಂತಿಲ್ಲ. ನನ್ನ ಗುಟ್ಟು ಬೇಕಾದರೆ ಹೇಳುತ್ತೇನೆ: ಜೇಬು ಖಾಲಿ. ಈ ಟೀ ದುಡ್ಡು ನೀವೇ ಕೊಟ್ಟುಬಿಡಿ.