ಏರಿಯ ಮೇಲಿನ ಘಟಸರ್ಪ

“ಗುರುಗಳೇ, ಆಟದೊಳಗಿನ ವೀರರು ಅಷ್ಟು ದಡ್ಡ ನಿರ್ಧಾರಗಳನ್ನು ಏಕೆ ಮಾಡುತ್ತಾರೆ?”

ಕೇಳಿದವಳು ಗಾರ್ಗಿ. ವಿಡಿಯೋ ಗೇಮ್‌ಗಳಿಗೆ ಕತೆ ಕಟ್ಟುವ ವಿದ್ಯೆಯನ್ನು ಕಲಿಯಲು ಗುರು ನೀಲಕಂಠಯ್ಯನವರ ಬಳಿ ಬಂದಿದ್ದಳು. ಅವರು ಹೇಳಿದಂತೆ ಒಂದು ತಿಂಗಳು ಕತ್ತಿ, ಮಂತ್ರ, ರಾಕ್ಷಸರು ಇರುವ ಆಟಗಳನ್ನೇ ಆಡಿದ್ದಳು. ಈಗ ಅವಳ ಮಾತು ನಿಲ್ಲುತ್ತಿರಲಿಲ್ಲ.

“ಒಬ್ಬ ವೀರ, ತೆರೆಯಬೇಡಿ ಎಂದು ಬರೆದ ಬಾಗಿಲನ್ನೇ ಹುಡುಕಿಕೊಂಡು ಹೋಗಿ ತೆರೆಯುತ್ತಾನೆ. ಇನ್ನೊಬ್ಬಳು ಚೀಲದ ತುಂಬ ಮದ್ದು ಇಟ್ಟುಕೊಂಡು, ಮುಂದೆ ಬೇಕಾದೀತು ಎಂದು ಉಳಿಸಿ ಉಳಿಸಿ, ಸಣ್ಣ ಗಾಯದಿಂದ ಸಾಯುತ್ತಾಳೆ. ಬಲದಲ್ಲಿ ಇವರಿಗೆ ಸಾಟಿಯಿಲ್ಲ. ಬುದ್ಧಿ ಎಲ್ಲಿಗೆ ಹೋಯಿತು? ನನ್ನ ಕತೆಯಲ್ಲಿ ಇಂಥವರು ಒಬ್ಬರೂ ಇರಕೂಡದು ಎಂದು ತೀರ್ಮಾನಿಸಿದ್ದೇನೆ.”

“ಒಂದು ಆಟದಲ್ಲಿ ಏಚಣನೆಂಬ ವೀರನಿದ್ದ,” ಎಂದರು ಗುರುಗಳು. “ಅವನಿಗೆ ಆದದ್ದನ್ನು ಹೇಳುತ್ತೇನೆ, ಕೇಳು.”

ಏಚಣ ಕತ್ತಿವರಸೆಯಲ್ಲಿ ಎಲ್ಲರನ್ನೂ ಮೀರಿಸಿದವನು. ತನ್ನತ್ತ ಬಂದ ಬಾಣವನ್ನು ಕತ್ತಿಯಿಂದ ತಟ್ಟಿ ಬೀಳಿಸುವಷ್ಟು ಚುರುಕು ಅವನ ಕೈಗೆ ಇತ್ತು. ಜಕ್ಕಲೆ ಎಂಬ ಬಿಲ್ಲುಗಾರ್ತಿ ಅವನ ಜೊತೆಗಾತಿ. ಅವಳು ಅವನನ್ನು ಅಣ್ಣ ಎಂದು ಕರೆಯುತ್ತಿದ್ದಳು. ಇಬ್ಬರೂ ಊರೂರು ತಿರುಗಿ, ಜನರನ್ನು ಕಾಡುವ ಪ್ರಾಣಿಗಳನ್ನು ಕೊಂದು ಹೆಸರು ಗಳಿಸಿದ್ದರು.

ಏಚಣನಿಗೆ ಒಂದು ಗುಣವಿತ್ತು. ಅವನು ಯಾರ ಮಾತನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಆಟದ ಲೋಕದಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ವೀರನಿಗೆ ಏನಾದರೂ ಹೇಳುತ್ತಾರೆ. ಕೇಳುವ ಮನಸ್ಸಿಲ್ಲದ ವೀರ ಅರ್ಧದಲ್ಲೇ ಎದ್ದು ಹೋಗಬಹುದು. ಯಾರೂ ತಡೆಯುವುದಿಲ್ಲ. ಏಚಣ ಯಾವಾಗಲೂ ಎದ್ದು ಹೋಗುತ್ತಿದ್ದ.

ಒಮ್ಮೆ ಒಬ್ಬ ಅಂಬಿಗ, “ನಡುಹೊಳೆಯಲ್ಲಿ ಮಾತ್ರ ದೋಣಿಯನ್ನು...” ಎನ್ನುವಷ್ಟರಲ್ಲಿ ಏಚಣ ಹುಟ್ಟು ಕಿತ್ತುಕೊಂಡು ಹೊರಟ. ನಡುಹೊಳೆಯಲ್ಲಿ ದೋಣಿ ಮಗುಚಿತು. ಏಚಣ ಈಜಿ ದಡ ಸೇರಿದ, ಅಲ್ಲಿ ಕಾದಿದ್ದ ಕಲ್ಲುಮನುಷ್ಯನನ್ನು ಒದ್ದೆ ಬಟ್ಟೆಯಲ್ಲೇ ಹೊಡೆದುರುಳಿಸಿದ. ಇನ್ನೊಮ್ಮೆ ಒಬ್ಬ ಕಮ್ಮಾರ ಕತ್ತಿಯ ದೋಷ ಹೇಳಲು ಬಾಯಿ ತೆರೆದ. ಏಚಣ ಕತ್ತಿ ಸೆಳೆದುಕೊಂಡು ಹೋದ. ಕಾಳಗದ ನಡುವೆ ಅದು ಮುರಿಯಿತು. ಏಚಣ ಹಿಡಿಯಲ್ಲೇ ಗುದ್ದಿ ಗೆದ್ದ. ಹೀಗೆ ಪ್ರತಿ ಸಲವೂ ಗೆದ್ದ. ಗೆಲ್ಲುತ್ತ ಹೋದಂತೆ, ಜನರು ಆಡುವ ಮಾತೆಲ್ಲ ಕಾಲಹರಣವೆಂದು ಅವನಿಗೆ ಖಚಿತವಾಯಿತು.

ಹೀಗಿರುವಾಗ ಇಬ್ಬರೂ ಬಳೆಗಾರರ ಕಣಿವೆಗೆ ಬಂದರು. ಮುನ್ನೂರು ಮನೆಗಳ ಊರು. ಪ್ರತಿ ಬೀದಿಯಲ್ಲೂ ಗಾಜು ಕರಗಿಸುವ ಕುಲುಮೆ. ಊರಿನ ಮೇಲ್ಗಡೆ, ಅರ್ಧ ಹರಿದಾರಿ ದೂರದ ಬೆಟ್ಟದಲ್ಲಿ ಒಂದು ದೊಡ್ಡ ಕೆರೆ. ಆ ಕೆರೆಯ ಏರಿಯ ಮೇಲೆ ಏಳು ಹೆಡೆಯ ಘಟಸರ್ಪವೊಂದು ಬಹಳ ಕಾಲದಿಂದ ಬಿದ್ದುಕೊಂಡಿತ್ತು. ಹತ್ತಿರ ಹೋದ ಕುರಿಗಳು ತಿರುಗಿ ಬರುತ್ತಿರಲಿಲ್ಲ. ಊರಿನ ಹಿರಿಯ ಬಳೆಗಾರ ಬೀರಯ್ಯ ಏಚಣನ ಎರಡೂ ಕೈ ಹಿಡಿದುಕೊಂಡ.

“ಅದರ ಉಸಿರಿನ ಹೊಗೆ ಕಂಡರೆ ಮಕ್ಕಳು ಊಟ ಬಿಡುತ್ತವೆ. ನೀನು ಅದನ್ನು ಕೊಂದರೆ ಈ ಊರು ನಿನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತದೆ.”

ಏಚಣನ ಮೈ ಜುಮ್ಮೆಂದಿತು. ಏಳು ಹೆಡೆ! ಅವನು ಅಲ್ಲಿಯವರೆಗೆ ಮೂರು ಹೆಡೆಗಿಂತ ಹೆಚ್ಚಿನದನ್ನು ಎದುರಿಸಿರಲಿಲ್ಲ. ನೀರು ಕೂಡ ಕುಡಿಯದೆ ಬೆಟ್ಟದ ದಾರಿ ಹಿಡಿದ. ಜಕ್ಕಲೆ ಹಿಂದೆ ಓಡಿದಳು.

ಏರಿಗೆ ಹತ್ತುವ ದಾರಿಯ ಬದಿಯಲ್ಲಿ ಒಂದು ಬಂಡೆ, ಬಂಡೆಯ ಮೇಲೆ ಒಂದು ಗುಡಿಸಲು. ಅದರ ಮುಂದೆ ಸಾವಕ್ಕ ಎಂಬ ಮುದುಕಿ ಹುರುಳಿ ಆರಿಸುತ್ತ ಕೂತಿದ್ದಳು.

“ಕತ್ತಿ ಹಿಡಿದು ಬಂದೆಯಾ ಮಗನೇ? ಕೂತುಕೊ. ಆ ಹಾವಿನ ವಿಷಯ ಹೇಳುತ್ತೇನೆ. ನಮ್ಮ ಮುತ್ತಜ್ಜನ ಕಾಲದಲ್ಲಿ...”

“ಅಜ್ಜೀ, ಮುತ್ತಜ್ಜನ ವಿಷಯ ಬಂದ ಮೇಲೆ ಕೇಳುತ್ತೇನೆ. ಹಾವು ಎಡಕ್ಕೋ ಬಲಕ್ಕೋ, ಅಷ್ಟು ಹೇಳು.”

ಮುದುಕಿ ಎಡಕ್ಕೆ ಕೈ ತೋರಿಸಿದಳು.

“ಅಣ್ಣಾ, ಕೇಳಿಕೊಂಡೇ ಹೋಗೋಣ,” ಎಂದಳು ಜಕ್ಕಲೆ.

“ನೀನು ಕೇಳು. ನೀನು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ!” ಎಂದು ನಕ್ಕು ಏಚಣ ಓಡಿದ.

ಜಕ್ಕಲೆ ಬಿಲ್ಲನ್ನು ಪಕ್ಕಕ್ಕಿಟ್ಟು ಮುದುಕಿಯ ಮುಂದೆ ಕೂತಳು.

ಏಚಣ ಏರಿ ಹತ್ತಿದ. ಘಟಸರ್ಪ ಎದುರಿಗೇ ಇತ್ತು. ಅದರ ಮೈ ಏರಿಯ ಮಣ್ಣಿನೊಳಗೆ ಸುತ್ತು ಸುತ್ತಾಗಿ ಹೂತುಹೋಗಿತ್ತು. ಹೆಡೆಗಳು ಮಾತ್ರ ಹೊರಗೆ, ತಾಳೆಮರದಷ್ಟು ಎತ್ತರದಲ್ಲಿ ಆಡುತ್ತಿದ್ದವು. ಮೊದಲ ಹೆಡೆ ಬೆಂಕಿ ಉಗುಳಿತು. ಏಚಣ ಉರುಳಿ ತಪ್ಪಿಸಿಕೊಂಡು, ಎದ್ದ ಏಟಿಗೇ ಅದನ್ನು ಕತ್ತರಿಸಿದ. ಎರಡನೆಯದು ಅವನ ಗುರಾಣಿಯನ್ನು ಕಚ್ಚಿ ನುಂಗಿತು. ಗುರಾಣಿ ಗಂಟಲಲ್ಲಿ ಸಿಕ್ಕಿಕೊಂಡಾಗ ಆ ಹೆಡೆಯೂ ಉರುಳಿತು. ಮೂರು, ನಾಲ್ಕು. ಅವನ ಕೂದಲು ಸುಟ್ಟಿತ್ತು, ಎಡಗೈ ಜೋತುಬಿದ್ದಿತ್ತು. ಅವನು ನಗುತ್ತಿದ್ದ. ಜೀವಮಾನದಲ್ಲಿ ಇಂಥ ಕಾಳಗ ಮಾಡಿರಲಿಲ್ಲ.

ಒಂದು ವಿಚಿತ್ರವನ್ನು ಅವನು ಗಮನಿಸಿದ. ಅವನು ಹಿಂದೆ ಸರಿದಾಗ ಹಾವು ಬೆನ್ನಟ್ಟುತ್ತಿರಲಿಲ್ಲ. ಪಕ್ಕಕ್ಕೆ ಬಂದು ಹೊಡೆದರೂ ಮೈ ತಿರುಗಿಸುತ್ತಿರಲಿಲ್ಲ. ಎಷ್ಟು ಪೆಟ್ಟು ಬಿದ್ದರೂ ಇದ್ದ ಜಾಗ ಬಿಟ್ಟು ಕದಲಲಿಲ್ಲ.

ಹಾವು ಹೆದರಿದೆ ಎಂದುಕೊಂಡ ಏಚಣ. ಐದನೆಯ ಹೆಡೆ ಕತ್ತರಿಸಿದ.

ಆ ಹೊತ್ತಿಗೆ ಮುದುಕಿಯ ಮಾತು ಮುಗಿದಿತ್ತು. ಜಕ್ಕಲೆ ಬಿಲ್ಲು ಎತ್ತಿಕೊಂಡವಳೇ ಏರಿಯ ಕಡೆಗೆ ಹಾರಿದಳು. ಕಾಲಿಗೆ ಕಲ್ಲು ತಾಗಿ ಬಿದ್ದಳು, ಎದ್ದಳು, ಮತ್ತೆ ಓಡಿದಳು. ಅವಳಿಗೆ ಏಚಣ ಕಂಡಾಗ ಆರನೆಯ ಹೆಡೆ ನೆಲಕ್ಕೆ ಬೀಳುತ್ತಿತ್ತು.

“ಅಣ್ಣಾ, ನಿಲ್ಲಿಸು! ಕೊಲ್ಲಬೇಡ!” ಎಂದು ಕೂಗಿದಳು.

“ಹೆದರಬೇಡ ತಂಗೀ, ಇನ್ನು ಒಂದೇ ಉಳಿದಿರುವುದು!” ಎಂದು ಅವನು ತಿರುಗಿ ಕೂಗಿದ.

ಅವಳು ಬಾಣ ಹೂಡಿದಳು. ಅವನ ಕತ್ತಿಗೆ ಗುರಿಯಿಟ್ಟಳು. ಬಾಣ ಬಂದುದನ್ನು ಏಚಣ ಓರೆಗಣ್ಣಿನಲ್ಲೇ ಕಂಡ. ಹಾವಿಗೆ ಬಿಟ್ಟ ಬಾಣ ಗುರಿ ತಪ್ಪಿತೆಂದು ಭಾವಿಸಿ, ಕತ್ತಿಯಿಂದ ತಟ್ಟಿ ಬೀಳಿಸಿದ. ಅದೇ ಬೀಸಿನಲ್ಲಿ ಏಳನೆಯ ಹೆಡೆಯನ್ನು ಕತ್ತರಿಸಿದ.

ಆಟದ ಲೋಕದಲ್ಲಿ ಸತ್ತ ಪ್ರಾಣಿಯ ದೇಹ ಉಳಿಯುವುದಿಲ್ಲ. ಹೊಗೆಯಾಗಿ ಕರಗಿ ಹೋಗುತ್ತದೆ. ಘಟಸರ್ಪವೂ ಕರಗಿತು. ಏಚಣ ಕತ್ತಿ ಎತ್ತಿ ಕೇಕೆ ಹಾಕಿದ. ಹೊಗೆ ಚದುರಿದಾಗ, ಹಾವು ಇದ್ದ ಜಾಗದಲ್ಲಿ ಏರಿಗೆ ಆಳವಾದ ಬಿರುಕು ಕಾಣಿಸಿತು. ಬಿರುಕಿನಿಂದ ತೋಳಿನಷ್ಟು ದಪ್ಪದ ನೀರು ಚಿಮ್ಮುತ್ತಿತ್ತು.

“ಏರಿ ಒಡೆದಿದ್ದು ಅಜ್ಜಿಯ ಮುತ್ತಜ್ಜನ ಕಾಲದಲ್ಲಿ,” ಎಂದಳು ಜಕ್ಕಲೆ. ಅವಳಿಗೆ ಉಸಿರು ಸಿಕ್ಕುತ್ತಿರಲಿಲ್ಲ. “ಆ ಹಾವು ಬಂದು ಬಿರುಕಿನಲ್ಲಿ ಮೈ ತುರುಕಿ ನೀರು ತಡೆಯಿತು. ಅವತ್ತಿನಿಂದ ಊರವರೇ ಅದಕ್ಕೆ ಅಮಾವಾಸ್ಯೆಗೊಂದು ಕುರಿ ಕೊಡುತ್ತಿದ್ದರಂತೆ. ಬರಬರುತ್ತ ಏಕೆ ಕೊಡುತ್ತಿದ್ದೇವೆಂಬುದನ್ನೇ ಮರೆತರು.”

ಏಚಣ ಬಿರುಕಿಗೆ ಹಾರಿ ತನ್ನ ಬೆನ್ನು ಒಡ್ಡಿದ. ನೀರು ಅವನನ್ನು ಚೆಂಡಿನಂತೆ ಆಚೆಗೆ ಎಸೆಯಿತು. ಒಂದು ಹಿಡಿ ಮಣ್ಣು ಕುಸಿಯಿತು. ಆಮೇಲೆ ಒಂದು ಗಾಡಿಯಷ್ಟು ಕುಸಿಯಿತು.

ಇಬ್ಬರೂ ಊರಿನತ್ತ ಓಡಿದರು. ಗಾಯಗೊಂಡ ಏಚಣ ಅವತ್ತು ಓಡಿದಂತೆ ಎಂದೂ ಓಡಿರಲಿಲ್ಲ. ಹಿಂದೆ ಬೆಟ್ಟ ಗುಡುಗಿದಂತೆ ಸದ್ದಾಗುತ್ತಿತ್ತು.

ಊರ ಬಾಗಿಲಲ್ಲಿ ಜನ ಸೇರಿದ್ದರು. ಏರಿಯ ಮೇಲೆ ಹೊಗೆ ಚದುರಿದ್ದನ್ನು ಅವರು ಕೆಳಗಿನಿಂದಲೇ ಕಂಡಿದ್ದರು. ತಮಟೆ ಮೊಳಗುತ್ತಿತ್ತು, ಹೆಂಗಸರು ಬಣ್ಣದ ಬಳೆಚೂರು ಎರಚುತ್ತಿದ್ದರು.

“ಓಡಿ! ಕೆರೆ...” ಎಂದ ಏಚಣ.

“ಕೆರೆ ನಮ್ಮದಾಯಿತು!” ಎಂದು ಬೀರಯ್ಯ ಕುಣಿದ. ಅವನು ಏಚಣನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಏಚಣ ಅವನ ತಲೆಯನ್ನು ಬಲಗೈಯಿಂದ ಹಿಡಿದು, “ಏರಿ ಒಡೆದಿದೆ, ನೀರು ಬರುತ್ತಿದೆ!” ಎಂದು ಕಿರುಚಿದ. ತಮಟೆಯ ಸದ್ದಿನಲ್ಲಿ ಬಾಯಿ ಆಡಿದ್ದು ಮಾತ್ರ ಕಂಡಿತು. ವೀರ ಸಂತೋಷದಿಂದ ಅಳುತ್ತಿದ್ದಾನೆ ಎಂದು ಒಬ್ಬಳು ಕಣ್ಣು ಒರೆಸಿಕೊಂಡಳು. ಜನ ಅವನನ್ನು ಹೊತ್ತುಕೊಂಡು ಊರ ನಡುವಿಗೆ ನುಗ್ಗಿದರು. ಅವನು ಕೈ ಬೀಸಿದ. ಅವರೂ ಕೈ ಬೀಸಿದರು.

ಜಕ್ಕಲೆ ಒಂದು ಕುಲುಮೆಯ ಚಾವಣಿ ಹತ್ತಿದಳು. ಬಾಣ ಬಿಟ್ಟಳು. ದೊಡ್ಡ ತಮಟೆಯ ಚರ್ಮ ಹರಿದು ಸದ್ದು ನಿಂತಿತು. ಎರಡನೆಯ ಬಾಣಕ್ಕೆ ಇನ್ನೊಂದು ತಮಟೆ ಹರಿಯಿತು. ಜನ ಬೆಚ್ಚಿ ಸುಮ್ಮನಾದರು.

ಆಗ ಬೆಟ್ಟದ ಸದ್ದು ಎಲ್ಲರಿಗೂ ಕೇಳಿಸಿತು.

“ನಾನು ತಪ್ಪು ಮಾಡಿದೆ,” ಎಂದ ಏಚಣ. “ಆ ಹಾವು ನಿಮ್ಮ ಕೆರೆಯನ್ನು ಹಿಡಿದು ನಿಲ್ಲಿಸಿತ್ತು. ಮಕ್ಕಳನ್ನು ಎತ್ತಿಕೊಳ್ಳಿ. ಎದುರು ಗುಡ್ಡ ಹತ್ತಿ.”

ಬೀದಿ ಬೀದಿಯಿಂದ ಜನ ಹೊಳೆಯಂತೆ ಹರಿದರು. ಏಚಣ ನಡೆಯಲಾರದವರನ್ನು ಒಂದೇ ಕೈಯಲ್ಲಿ ಹೊತ್ತು ಗುಡ್ಡ ಹತ್ತಿಸಿದ, ಇಳಿದ, ಮತ್ತೆ ಹತ್ತಿಸಿದ. ನಾಲ್ಕನೆಯ ಸಲ ಇಳಿಯುವಾಗ ಜಕ್ಕಲೆ ಅವನನ್ನು ತಡೆದು ನಿಲ್ಲಿಸಿದಳು. ಕೆರೆ ಬಂತು. ಉರಿಯುತ್ತಿದ್ದ ಕುಲುಮೆಗಳು ಒಂದಾದ ಮೇಲೊಂದು ಭುಸ್ಸೆಂದು ಆರಿದವು. ಕರಗಿದ ಗಾಜು ನೀರಿಗೆ ತಾಗಿ ಸಿಡಿಯಿತು. ಸ್ವಲ್ಪ ಹೊತ್ತಿನಲ್ಲಿ ಊರು ಇದ್ದ ಕಡೆ ಕೆಂಪು ನೀರು ಮಾತ್ರ ಕಾಣುತ್ತಿತ್ತು.

ಗುಡ್ಡದ ಮೇಲೆ ಜನ ತಮ್ಮ ತಮ್ಮವರ ಹೆಸರು ಹಿಡಿದು ಕೂಗಿದರು. ಒಂಬತ್ತು ಹೆಸರುಗಳಿಗೆ ಯಾರೂ ಓಗೊಡಲಿಲ್ಲ. ಅವುಗಳಲ್ಲಿ ಬೀರಯ್ಯನ ಹೆಸರೂ ಇತ್ತು. ಮಂಚ ಹಿಡಿದಿದ್ದ ತಾಯಿಯನ್ನು ಕರೆತರಲು ಅವನು ಮನೆಯೊಳಗೆ ಹೋಗಿದ್ದ.

ನೀರು ಇಳಿದ ಮೇಲೆ ಏಚಣ ಬಂಡೆಯ ಮೇಲಿನ ಗುಡಿಸಲಿಗೆ ಹೋದ. ಮುದುಕಿಯ ಮುಂದೆ ತಲೆ ತಗ್ಗಿಸಿ ಕೂತ. ಕತ್ತಿಯನ್ನು ಅವನು ಏರಿಯ ಮೇಲೇ ಬಿಟ್ಟಿದ್ದ.

“ಇದನ್ನು ನನಗೆ ಹೇಳಬಾರದಿತ್ತೇ ಅಜ್ಜೀ?”

“ಹೇಳಿದೆನಪ್ಪಾ. ನಾನು ಹೇಳಿ ಮುಗಿಸುವ ಹೊತ್ತಿಗೆ ನೀನು ಇರಲಿಲ್ಲ,” ಎಂದಳು ಸಾವಕ್ಕ. “ಊರವರಿಗೂ ಹೇಳಿದ್ದೆ. ಅವರಿಗೆ ಬಳೆಯ ಕೆಲಸ ಬಹಳವಿತ್ತು.”

ಅವನು ಅಲ್ಲೇ ಉಳಿದ. ಮುದುಕಿ ಮುತ್ತಜ್ಜನಿಂದ ಮೊದಲುಮಾಡಿ ಎಲ್ಲವನ್ನೂ ಹೇಳಿದಳು. ಹಳಬರು ಏರಿ ಕಟ್ಟಿದ ಬಗೆ, ಬಿರುಕು ಬಿಟ್ಟ ಕಾರಣ, ಎಲ್ಲಿ ಕಲ್ಲು ಇಟ್ಟರೆ ನಿಲ್ಲುತ್ತದೆ, ಎಲ್ಲಿ ಇಟ್ಟರೆ ಜಾರುತ್ತದೆ, ಯಾವುದನ್ನೂ ಬಿಡಲಿಲ್ಲ. ಏಚಣ ನಡುವೆ ಬಾಯಿ ಹಾಕಲಿಲ್ಲ. ಮಾರನೆಯ ದಿನದಿಂದ ಕಲ್ಲು ಹೊರಲು ಶುರುಮಾಡಿದ. ಮೂರು ವರ್ಷ ಹೊತ್ತ. ಜಕ್ಕಲೆಯೂ ಹೊತ್ತಳು. ಆ ಏರಿ ಈಗ ಹಾವಿಲ್ಲದೆ ನಿಂತಿದೆ. ಬೀರಯ್ಯನ ಮಗಳು ಮಾತ್ರ ಏಚಣನೊಂದಿಗೆ ಕೊನೆಯವರೆಗೂ ಮಾತನಾಡಲಿಲ್ಲ.

ಗುರುಗಳು ನಿಲ್ಲಿಸಿದರು. ಗಾರ್ಗಿ ಕೂತಲ್ಲಿಂದ ಮುಂದಕ್ಕೆ ಜರುಗಿ, ನೆಲದ ಮೇಲೆ ಎರಡೂ ಕೈ ಊರಿದ್ದಳು.

“ಎಂಥ ಕತೆ ಗುರುಗಳೇ! ಆ ಬಾಣವನ್ನು ಅವನು ತಟ್ಟಿದಾಗ ನನ್ನ ಎದೆಯೇ ನಿಂತಿತು!” ಎಂದಳು. ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. “ಆದರೆ ಅದು ಆಟವಲ್ಲವೇ? ಹೊಸಬರು ಆಡಿದಾಗಲೆಲ್ಲ ಮೊದಲಿನಿಂದ ಶುರುವಾಗುತ್ತದೆ. ಏಚಣನ ಹಾಗೆ ಎಷ್ಟೋ ಜನ ವೀರರು ಆ ಕಣಿವೆಗೆ ಬಂದಿರಬೇಕು. ಅವರಲ್ಲಿ ಊರನ್ನು ಉಳಿಸಿದವರು ಒಬ್ಬರೂ ಇಲ್ಲವೇ? ಇದ್ದರೆ ಅವರ ಕತೆಯನ್ನೂ ಹೇಳಿ.”

“ಒಬ್ಬಳಿದ್ದಾಳೆ,” ಎಂದರು ಗುರುಗಳು, “ಅವಳು ಮುದುಕಿಯ ಮಾತು ಮುಗಿಯುವವರೆಗೂ ಕೂತಿದ್ದು ಬಂದ ದಾರಿಯಲ್ಲೇ ಹಿಂದಿರುಗಿದಳು, ಹಾಗಾಗಿ ಅವಳಿಗೆ ಕತೆಯೇ ಇಲ್ಲ.”