ಬೆಳ್ಳಜ್ಜಿಯ ಅನುಮಾನ

ಒಂದು ಕಾಡಿನ ನಡುವೆ ಹರಿಯುತ್ತಿದ್ದ ಹೊಳೆಯಲ್ಲಿ ನೀರುನಾಯಿಗಳ ಗುಂಪೊಂದು ವಾಸವಾಗಿತ್ತು. ಹಸಿವಾದಾಗ ಮೀನು ಹಿಡಿಯುತ್ತಿದ್ದವು, ಹೊಟ್ಟೆ ತುಂಬಿದ ಮೇಲೆ ಮರಳಲ್ಲಿ ಹೊರಳಾಡುತ್ತಿದ್ದವು. ಹೊಳೆಯ ತಿರುವಿನಲ್ಲಿ ಆಳವಾದ ಮಡು ಇತ್ತು. ಮೀನುಗಳು ಮೊಟ್ಟೆಯಿಡುತ್ತಿದ್ದುದು ಅಲ್ಲೇ. ಆ ಮಡುವಿಗೆ ಮಾತ್ರ ಯಾರೂ ಬಾಯಿ ಹಾಕುತ್ತಿರಲಿಲ್ಲ.

ಒಂದು ದಿನ ದಡಕ್ಕೆ ಕಾಡುಬೆಕ್ಕೊಂದು ಬಂತು.

"ನಿನ್ನೆ ಹಿಡಿದಷ್ಟೇ ಇವತ್ತೂ ಹಿಡೀತೀರಲ್ಲ, ಇದೂ ಒಂದು ಬಾಳೇ?" ಎಂದಿತು. "ದಿನದಿಂದ ದಿನಕ್ಕೆ ಹೆಚ್ಚು ಹಿಡಿಯಿರಿ. ಮಿಕ್ಕಿದ್ದನ್ನು ನನ್ನ ಗವಿಯಲ್ಲಿಡಿ. ಕಷ್ಟಕಾಲಕ್ಕೆ ಆಗುತ್ತೆ."

ಗುಂಪಿನ ಹಿರಿಯಳು ಬೆಳ್ಳಜ್ಜಿ ಬೆಕ್ಕನ್ನು ಮೇಲಿಂದ ಕೆಳಗೆ ನೋಡಿದಳು. "ಸತ್ತ ಮೀನು ಕಷ್ಟಕಾಲದವರೆಗೆ ಕೆಡದೆ ಇರುತ್ತಾ?"

"ನನ್ನ ಗವಿ ತಣ್ಣಗಿದೆ ಅಜ್ಜಿ."

"ನಮ್ಮ ಮೇಲೆ ಇಷ್ಟೊಂದು ಅಕ್ಕರೆ ನಿನಗೇಕೆ?"

ಬೆಕ್ಕು ನಕ್ಕಿತು. "ಪಾಪ, ವಯಸ್ಸಾಗಿ ಮೊದಲಿನಂತೆ ಈಜಲಾಗದ ಅಜ್ಜಿಗೆ ಈಜುವವರನ್ನು ಕಂಡರೆ ಹೊಟ್ಟೆಕಿಚ್ಚು!" ಎಳೆಯ ನೀರುನಾಯಿಗಳೂ ನಕ್ಕವು.

ಅಂದಿನಿಂದ ಅವು ಪೈಪೋಟಿಗೆ ಬಿದ್ದವು. ಮಿಕ್ಕ ಮೀನೆಲ್ಲ ಬೆಕ್ಕಿನ ಗವಿ ಸೇರತೊಡಗಿತು. ಹೊರಳಾಟ ನಿಂತಿತು, ಆಟ ನಿಂತಿತು. ಹೊಳೆಯಲ್ಲಿ ಮೀನು ಕಡಿಮೆಯಾದಾಗ ಮಡುವಿಗೇ ನುಗ್ಗಿದವು. ಬೆಳ್ಳಜ್ಜಿ ಅಡ್ಡ ನಿಂತಳು. ಅವಳನ್ನು ತಳ್ಳಿಕೊಂಡೇ ಹೋಗಿ ಮೊಟ್ಟೆ ತುಂಬಿದ ಮೀನುಗಳನ್ನು ಹಿಡಿದು ತಂದವು.

ಕೊನೆಗೆ ಹೊಳೆಯಲ್ಲಿ ಮೀನೇ ಇಲ್ಲವಾಯಿತು. ಸಿಂಗಿ ಎಂಬ ತಾಯಿಯ ಮರಿಗಳು ಹಸಿವಿನಿಂದ ಚೀರತೊಡಗಿದವು. ಅವಳು ಬೆಳ್ಳಜ್ಜಿಯನ್ನು ಕರೆದುಕೊಂಡು ದಡದಲ್ಲಿದ್ದ ಬೆಕ್ಕಿನ ಗವಿಗೆ ಓಡಿದಳು. ಉಳಿದವೂ ಹಿಂಬಾಲಿಸಿದವು.

"ನಮ್ಮ ಮೀನು ಕೊಡು. ಮರಿಗಳು ಸಾಯ್ತಿವೆ," ಎಂದಳು ಸಿಂಗಿ.

ಬೆಕ್ಕು ಬಾಗಿಲಿಗೆ ಅಡ್ಡವಾಗಿ ಮಲಗಿತ್ತು. ಅದರ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. "ಇದಿನ್ನೂ ಕಷ್ಟಕಾಲ ಅಲ್ಲಮ್ಮ. ಇನ್ನಷ್ಟು ತನ್ನಿ."

ಬೆಳ್ಳಜ್ಜಿ ಮೂಗರಳಿಸಿದಳು. "ಒಳಗೆ ಏನೋ ಕೊಳೆತು ನಾರುತ್ತಿದೆ. ಪಕ್ಕಕ್ಕೆ ಸರಿ, ನೋಡೋಣ."

"ನನ್ನನ್ನೇ ಅನುಮಾನಿಸ್ತೀಯಾ?" ಎಂದು ಬೆಕ್ಕು ಗುರುಗುಟ್ಟಿತು.

ಅಷ್ಟರಲ್ಲಿ ಪೊದೆ ಅಲುಗಿತು. ಆ ನಾತದ ಜಾಡು ಹಿಡಿದು ಎರಡು ಕತ್ತೆಕಿರುಬಗಳು ಬಂದಿದ್ದವು! ನೀರುನಾಯಿಗಳು ನೀರಿಗೆ ಹಾರಿದವು. ಬೆಕ್ಕೂ ಮರ ಹತ್ತಲು ಹೊರಟಿತು. ಆದರೆ ಭಾರದ ಹೊಟ್ಟೆ ಏಳಗೊಡಲಿಲ್ಲ. ಕಿರುಬಗಳು ಅದನ್ನು ಬಿಡಲಿಲ್ಲ.

ಕಿರುಬಗಳು ಹೋದ ಮೇಲೆ ಸಿಂಗಿ ಗವಿಯೊಳಗೆ ಇಣುಕಿದಳು. ಅಲ್ಲಿದ್ದುದು ಬರೀ ಮೀನಿನ ಮುಳ್ಳುಗಳು, ಹುಳ ಬಿದ್ದ ಕೊಳೆತ ಮೀನಿನ ರಾಡಿ. ಎಳೆಯವು ತಲೆ ತಗ್ಗಿಸಿದವು. ಬೆಳ್ಳಜ್ಜಿ ಬೈಯಲಿಲ್ಲ. ಹಸಿದ ಮರಿಗಳಿಗೆ ಏಡಿ, ಕಪ್ಪೆ ಹುಡುಕುತ್ತ ಎಲ್ಲರನ್ನೂ ಮೇಲಿನ ತೊರೆಗಳಿಗೆ ಕರೆದೊಯ್ದಳು. ಮಡುವನ್ನು ಅದರ ಪಾಡಿಗೆ ಬಿಟ್ಟವು.

ಮಳೆಗಾಲಗಳು ಕಳೆದವು. ಮಡುವಿನಲ್ಲಿ ಮತ್ತೆ ಮೀನು ಮಿಂಚತೊಡಗಿತು. ಸಿಂಗಿ ಹೊಸ ಮರಿಗಳನ್ನು ಅದರ ಅಂಚಿನವರೆಗೆ ಈಜಿಸಿಕೊಂಡು ಹೋಗಿ, "ಇಲ್ಲಿಂದ ಹಿಂದಕ್ಕೆ ತಿರುಗಬೇಕು," ಎಂದು ಹೇಳಿಕೊಟ್ಟಳು.

ನೀತಿ: ಸಾಕು ಎನ್ನುವುದನ್ನು ಕಲಿತವರ ಹೊಳೆ ಬತ್ತುವುದಿಲ್ಲ. 'ಇನ್ನಷ್ಟು ತನ್ನಿ' ಎನ್ನುವವರನ್ನು ಕಂಡಾಗ, ಆ ಹೆಚ್ಚಿನದು ಯಾರ ಹೊಟ್ಟೆ ಸೇರುತ್ತದೆ ಎಂದು ಮೊದಲು ಕೇಳಬೇಕು.